ಮರ ಸವರುವ ತಂಡ: ಕೊಂಬೆಗೆ ಶಹಭಾಸ್, ಬುಡಕ್ಕೆ ಅಷ್ಟಕ್ಕಷ್ಟೆ

ಮಂಗಳೂರಿನ ಹಳೇ ಹಿತ್ತಿಲುಗಳ ಮಾವು, ಹಲಸು ಸವರಿಕೊಡುವ ಈ ಮೂವರ ತಂಡಕ್ಕೆ ಗರಗಸದ ಕೆಲಸ ಚೆನ್ನಾಗಿ ಗೊತ್ತು. ದಪ್ಪ ಕೊಂಬೆಯನ್ನು ಒಂದೇ ಏಟಿಗೆ ಕೆಡವುವುದಿಲ್ಲ. ಕಾಂಡದಿಂದ ಒಂದಡಿ ದೂರದಲ್ಲಿ ಅಡಿಯಿಂದ ಮೂರನೇ ಒಂದು ಭಾಗ ಕೊಯ್ತ, ಅದರಿಂದ 2 ಇಂಚು ಆಚೆ ಮೇಲಿನಿಂದ ಇನ್ನೊಂದು. ಭಾರ ಹಗ್ಗದಲ್ಲಿ ಇಳಿದ ಮೇಲೆ ಉಳಿದ ಗೂಟಕ್ಕೆ ಮೂರನೆಯದು. ಈ ಕೊನೆಯದ್ದನ್ನು ಹತ್ತಿರ ನಿಂತು ನೋಡಬೇಕು: ಕೊಂಬೆ ಬುಡದ ಸುಕ್ಕುಗಟ್ಟಿದ ಉಬ್ಬನ್ನು ಮುಟ್ಟದೆ ಅದರ ಹೊರಗೇ ಕೊಯ್ಯುತ್ತಾರೆ. ಗಾಯ ಮುಚ್ಚುವುದು ಆ ಉಬ್ಬಿನಿಂದಲೇ. ಕಾಂಡಕ್ಕೆ ಸಮ ಸವರಿದರೆ ನಮ್ಮ ಮಳೆಗೆ ಒಳಗೆಲ್ಲ ಕೊಳೆತು ಟೊಳ್ಳು.

ಕೊಂಬೆಗೆ ಅಂಟಿ ರಸ ಹೀರುವ ಪರಾವಲಂಬಿ ಗಿಡ ಬಂದಣಿಕೆಯನ್ನೂ ಬರೀ ಕೀಳುವುದಿಲ್ಲ, ಅಂಟಿದ ಜಾಗಕ್ಕಿಂತ ಒಂದಡಿ ಕೆಳಗೆ ಕೊಂಬೆಯನ್ನೇ ತೆಗೆಯುತ್ತಾರೆ. ಮರದ ತಲೆ ಬೋಳಿಸಿ ಎಂದರೆ ಒಪ್ಪುವುದಿಲ್ಲ, ಪುಣ್ಯ.

ಬುಡದ ವಿಷಯದಲ್ಲಿ ಮಾತ್ರ ಎಡವಟ್ಟು. ಕಡಿದ ಸೊಪ್ಪನ್ನೆಲ್ಲ ಕಾಂಡಕ್ಕೇ ಒತ್ತಿ ರಾಶಿ ಹಾಕುತ್ತಾರೆ. ತೊಗಟೆ ಕೊಳೆಯುತ್ತದೆ, ಗೆದ್ದಲಿಗೆ ಹಬ್ಬ. ಅರ್ಧ ಅಡಿ ಬಿಟ್ಟು 3 ಇಂಚು ದಪ್ಪಕ್ಕೆ ಹರಡಲು ನೀವೇ ಹೇಳಬೇಕು. ಬೇಸಿಗೆಗೆ ಕೊಡುವ ಸಲಹೆ ಇನ್ನೂ ತಮಾಷೆ: ದಿನಾ ಬುಡಕ್ಕೊಂದು ಕೊಡ ನೀರು. ಮುರಕಲ್ಲಿನ ನೆಲದಲ್ಲಿ ಅದು ಮೇಲ್ಮಣ್ಣು ಒದ್ದೆ ಮಾಡಿ ಆರಿಹೋಗುತ್ತದೆ. ನೀರು ಹೀರುವ ಸಣ್ಣ ಬೇರುಗಳು ಹೆಚ್ಚಾಗಿ ಇರುವುದು ಕೊಂಬೆ-ಎಲೆಗಳು ಕೊಡೆಯಂತೆ ಹರಡಿದ ಅಂಚಿನ ಕೆಳಗಿನ ನೆಲದ ಆಸುಪಾಸು. ಅಲ್ಲಿ ಹತ್ತು ದಿನಕ್ಕೊಮ್ಮೆ ಪೈಪು ಸಣ್ಣಗೆ ಬಿಟ್ಟು, ಸರಳು ಚುಚ್ಚಿದರೆ ಒಂದಡಿ ಸಲೀಸಾಗಿ ಇಳಿಯುವಷ್ಟು ನೆನೆಸಿ.

ಛಾವಣಿ ಮೇಲೆ ಚಾಚಿದ ಒಣ ಕೊಂಬೆಗಳಿದ್ದರೆ ಏಪ್ರಿಲ್‌ನಲ್ಲೇ ಕರೆಯಿರಿ, ಜೂನ್‌ನಲ್ಲಿ ಜಾರುವ ಮರಕ್ಕೆ ಇವರು ಹತ್ತುವುದಿಲ್ಲ.