ಸರ್ಚ್ ರಿಪೋರ್ಟ್ ಮಾಡಿಸಿದ್ದು: ಐದಕ್ಕ ನಾಲ್ಕು ಸ್ಟಾರ್

ಕುಂದಗೋಳ ತಾಲೂಕಿನಾಗ ನಾಲ್ಕು ಎಕರೆ ಎರಿ ಹೊಲ ಖರೀದಿ ಮಾಡೋದಿತ್ತು. ಧಾರವಾಡ ಕೋರ್ಟಿನ ಹತ್ರ ಆಫೀಸಿರೋ ವಕೀಲರೊಬ್ಬರ ಕಡೆ ಸರ್ಚ್ ರಿಪೋರ್ಟ್ (ಹೊಲದ ಹಕ್ಕು ಯಾರದಂತ ಕಾಗದ ತಪಾಸಿದ ವರದಿ) ಮಾಡಿಸಿದೆ. ಉತಾರದಾಗ (ಪಹಣಿ) ಮಾರೋ ಅಣ್ಣ-ತಮ್ಮ ಇಬ್ಬರ ಹೆಸರು, ಇಸಿಯೊಳಗ (ಋಣಭಾರ ಪತ್ರ) ಸೊಸೈಟಿ ಸಾಲದ ಬೋಜಾ ಬಿಟ್ಟರ ಏನೂ ಇಲ್ಲ. ಏಜೆಂಟ್ ಅಂತೂ "ಕ್ಲಿಯರ್ ಐತ್ರಿ, ಸಂಚಕಾರ ಕೊಟ್ಟುಬಿಡ್ರಿ" ಅಂತ ಮುಂಗಡಕ್ಕ ಬೆನ್ನು ಬಿದ್ದಿದ್ದ.

ವಕೀಲರು ಉತಾರ ಬದಿಗಿಟ್ಟು ಹಳೇ ವಾರಸಾದ (ವಾರಸುದಾರರ ಹೆಸರಿಗೆ ಖಾತೆ ಬದಲಾದದ್ದರ) ನಕಲು ತೆಗೆಸಿದರು. ಅಪ್ಪ ತೀರಿಕೊಂಡ ಮ್ಯಾಲೆ ಗಂಡುಮಕ್ಕಳ ಹೆಸರಿಗಷ್ಟೇ ಆಗಿತ್ತು. ಇಬ್ಬರು ಹೆಣ್ಣುಮಕ್ಕಳ ಸುದ್ದೀನೇ ಇಲ್ಲ. ಹಿರೇರಿಂದ ಬಂದ ಹೊಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಪ್ರಕಾರ ಮಗಳಿಗೂ ಹುಟ್ಟಿನಿಂದನ ಹಕ್ಕು. ತಿದ್ದುಪಡಿ ಜಾರಿಗೆ ಬಂದ ದಿನ ಅಪ್ಪ ಬದುಕಿರಬೇಕಂತೇನಿಲ್ಲ ಅಂತ 2020ರಾಗ ಸುಪ್ರೀಂ ಕೋರ್ಟೂ ಹೇಳೇತಿ. "ಮತ್ತ ಉತಾರ?" ಅಂದೆ. "ಭೂಕಂದಾಯ ಕಾಯ್ದೆ 133ನೇ ಕಲಂ ಓದ್ರಿ. ಸುಳ್ಳಂತ ಸಾಬೀತಾಗೋತನಕ ಖರೇ ಅಂತ ಹಿಡೀತಾರ, ಅಷ್ಟ. ಅಕ್ಕ-ತಂಗಿ ಸಿವಿಲ್ ಕೋರ್ಟಿಗೆ ಹೋದರ ನಿಮ್ಮ ಖರೀದಿ ಪತ್ರ ಅಣ್ಣ-ತಮ್ಮರ ಪಾಲಿಗಷ್ಟೇ ನಿಲ್ಲತೈತಿ."

ಒಂದೇ ಹೊಲ ಇಬ್ಬರಿಗೆ ಮಾರಿದ್ದರ ಏನು ಅಂತನೂ ಕೇಳಿದೆ. ಸೋಮವಾರ ಸಹಿ ಆಗಿ ಶುಕ್ರವಾರ ನೋಂದಣಿ ಆದ ಪತ್ರ, ಬುಧವಾರ ಸಹಿ ಆಗಿ ಗುರುವಾರ ನೋಂದಣಿ ಆದ ಪತ್ರವನ್ನ ಸಾಮಾನ್ಯವಾಗಿ ಸೋಲಸ್ತದಂತ! ನೋಂದಣಿ ಕಾಯ್ದೆ 47ನೇ ಕಲಂ: ಪತ್ರದ ಜೀವ ಬರಕೊಟ್ಟ ದಿನದಿಂದ. ನಾನು ಇಷ್ಟು ದಿನ ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಮೊದಲು ಓಡಿದಾವ ಗೆದ್ದ ಅಂತನ ತಿಳಕೊಂಡಿದ್ದೆ.

ಒಂದು ಸ್ಟಾರ್ ಕಡಿಮೆ ಯಾಕಂದ್ರ, ಹೊಲದ ಕಬ್ಜಾ (ಸ್ವಾಧೀನ) ಯಾರದೈತಿ ಅಂತ ನೋಡಾಕ ಇವರು ಯಾರನ್ನೂ ಕಳಿಸಲಿಲ್ಲ. ಕಬ್ಜಾದಾಗ ಇದ್ದವನ ಹಕ್ಕು ಖರೀದಿದಾರನಿಗೆ ಗೊತ್ತಿತ್ತು ಅಂತನ ಕಾನೂನು ಹಿಡಿಯೋದು, ಅದು ರಿಪೋರ್ಟಿನಾಗ ಬರದೈತಿ. ನೋಡೋ ಕೆಲಸ ಮಾತ್ರ ನಂದಾತು. ಹೋದರ ಹತ್ತಿ ಹೊಲದಾಗ ಕಳೆ ತೆಗೆಸಾಕತ್ತಿದ್ದ ಒಬ್ಬ, "ಲಾವಣಿ (ಗೇಣಿ) ಹಾಕ್ಕೊಂಡೇನ್ರಿ, ನಿಮಗ್ಯಾರೂ ಹೇಳ್ಲಿಲ್ಲೇನು?" ಅಂದ. ಮ್ಯಾಲೆ ರಿಪೋರ್ಟ್ ಪೂರ್ತಿ ಇಂಗ್ಲಿಷಿನಾಗ. ನಮ್ಮಂಥವರಿಗೆ ಎರಡು ಪುಟ ಕನ್ನಡದಾಗ ಬರದುಕೊಟ್ಟರ ಏನು ಹೋಗ್ತಿತ್ತು?

ಫೀ ಆರು ಸಾವಿರ, ರಸೀದಿ ಕೊಟ್ಟರು. ಅಕ್ಕ-ತಂಗೇರು ಹಕ್ಕು ಬಿಡೋದಾದರ ಬಾಂಡ್ ಪೇಪರಿನ ಮ್ಯಾಲಿನ ಸಹಿ ನಡೆಯಂಗಿಲ್ಲ, ಹಕ್ಕು ಬಿಡುಗಡೆ ಪತ್ರ ನೋಂದಣಿನ ಆಗಬೇಕು ಅಂತ ಬರದಾರ. ಗದಗಿನಾಗಿರೋ ತಂಗಿ ಸಹಿ ಒಲ್ಲೆ, ಪಾಲು ಕೊಡ್ರಿ ಅಂದಾಳ. ಸಂಚಕಾರದ ರೊಕ್ಕ ಇನ್ನೂ ನನ್ನ ಖಾತೇದಾಗ ಐತಿ.