ಮಿಯೀ-ಲಾ-ಫೊರೆಯ ಸಣ್ಣ ಇಗರ್ಜಿ: ಮದ್ದಿನ ಗಿಡ ಗೊತ್ತಿದ್ದವರು ನೋಡಲೇಬೇಕು

ನಮ್ಮ ಕಾಸರಗೋಡಿನ ಪೆರ್ಲ, ಬದಿಯಡ್ಕ ಕಡೆಯಿಂದ ಪ್ಯಾರಿಸ್‌ಗೆ ಮಕ್ಕಳ ಮನೆಗೆ ಹೋಗುವವರು ಈಗ ಇದ್ದಾರೆ. ಹೋದವರೆಲ್ಲ ಐಫೆಲ್ ಗೋಪುರದ ಫೋಟೊ ಕಳಿಸುತ್ತಾರೆ. ನಾನು ಹೇಳುವುದು ಅಲ್ಲಿಂದ ದಕ್ಷಿಣಕ್ಕೆ ಸುಮಾರು 50 ಕಿಲೋಮೀಟರ್ ದೂರದ ಮಿಯೀ-ಲಾ-ಫೊರೆ ಊರಿನ ಸೇಂಟ್ ಬ್ಲೇಸ್ ಇಗರ್ಜಿಯ ವಿಷಯ. ಐದರಲ್ಲಿ ನಾಲ್ಕು ಮಾರ್ಕು.

ನಮ್ಮ ಕಡೆಯ ಬೇಳದ ದೊಡ್ಡ ಇಗರ್ಜಿ ನೋಡಿದವರಿಗೆ ಇದು ಹೊರಗಿಂದ ಏನೂ ಅನಿಸದು. ಕಲ್ಲಿನ ಗೋಡೆ, ಇಳಿಜಾರು ಮಾಡು, ಅಷ್ಟೇ. 12ನೇ ಶತಮಾನದಲ್ಲಿ ಇಲ್ಲಿ ಕುಷ್ಠರೋಗಿಗಳ ಆಸ್ಪತ್ರೆ ಇತ್ತು. ರೋಗಿಗಳನ್ನು ಊರಿನಿಂದ ಆಚೆ ಇಟ್ಟು, ಬೇರು ಸೊಪ್ಪುಗಳಲ್ಲೇ ಮದ್ದು ಮಾಡುತ್ತಿದ್ದರು. ಆಸ್ಪತ್ರೆ ಹೋಯಿತು, ಪ್ರಾರ್ಥನೆಯ ಕೋಣೆ ಮಾತ್ರ ಉಳಿಯಿತು.

1959ರಲ್ಲಿ ಇದರ ಗೋಡೆಗೆ ಚಿತ್ರ ಬರೆದವರು ಜಾಂ ಕಾಕ್ಟೋ. ಕವಿ, ಸಿನಿಮಾ ನಿರ್ದೇಶಕ. ಅದೇ ಊರಲ್ಲಿ ಮನೆ ಮಾಡಿಕೊಂಡಿದ್ದವರು. ಆಸ್ಪತ್ರೆಯ ಹಳೇ ಕಥೆ ಅವರ ತಲೆಯಲ್ಲಿತ್ತು ಅನಿಸುತ್ತದೆ. ಪಕ್ಕದ ಗೋಡೆಗಳಲ್ಲಿ ಸಂತರಿಲ್ಲ, ಮದ್ದಿನ ಗಿಡಗಳಿವೆ! ನೆಲದಿಂದ ಎದ್ದು ಆಳೆತ್ತರ ಮೀರಿ ಬೆಳೆದಿವೆ. ಬೆಲಡೋನ, ವಲೇರಿಯನ್, ಆರ್ನಿಕ, ಜೆನ್ಶಿಯನ್. ಜೆನ್ಶಿಯನ್ ನಮ್ಮ ಕಷಾಯದ ಕಿರಾತಕಡ್ಡಿಯ ಕುಟುಂಬದ್ದೇ. ಬೇರು ಕಡು ಕಹಿ. ಬೆಲಡೋನ ವಿಷ. ಆದರೆ ಕಣ್ಣಿನ ಡಾಕ್ಟ್ರು ಪಾಪೆ ಅಗಲಿಸಲು ಬಿಡುವ ಅಟ್ರೊಪಿನ್ ಅದರಲ್ಲೇ ಇದೆ. ಅಮ್ಮ ಅಂಗಳದ ಬದಿಯಲ್ಲಿ ಬೆಳೆಸಿದ ಗಿಡಗಳಿಂದ ಊರವರಿಗೆ ಮದ್ದು ಅರೆದು ಕೊಡುತ್ತಿದ್ದರು. ಅದನ್ನು ನೋಡಿ ಬೆಳೆದ ನನಗೆ ಇಲ್ಲಿಂದ ಏಳಲು ಮನಸ್ಸೇ ಬರಲಿಲ್ಲ. ಮಗ ಮಾತ್ರ ಗಂಟೆ ನೋಡುತ್ತಿದ್ದ.

ಮಂಗಳೂರಿನ ಅಲೋಶಿಯಸ್ ಚಾಪೆಲ್ ನೆನಪು ಮಾಡಿಕೊಳ್ಳಿ. ಅಲ್ಲಿ ಇಟಲಿಯ ಚಿತ್ರಕಾರ ಮೊಸ್ಕೆನಿ, ಗೋಡೆ, ಮಾಡು ಯಾವುದನ್ನೂ ಖಾಲಿ ಬಿಟ್ಟಿಲ್ಲ. ಇಲ್ಲಿ ಬಿಳಿ ಗೋಡೆಯ ಮೇಲೆ ತೆಳು ಗೆರೆ, ಎಲೆ ಹೂವಿಗೆ ಸ್ವಲ್ಪ ಬಣ್ಣ. ನನಗೆ ಇದೇ ಜಾಸ್ತಿ ಹಿಡಿಸಿತು, ಜಗಳಕ್ಕೆ ಬರಬೇಡಿ. ಎದುರಿನ ಗೋಡೆಯಲ್ಲಿ ಯೇಸುವಿನ ಪುನರುತ್ಥಾನ ಇದೆ; ಕಾವಲಿನ ಸೈನಿಕರಿಗೆ ಒಳ್ಳೇ ನಿದ್ದೆ. ಸಹಿಯ ಹತ್ತಿರ ಸುಮ್ನೆ ಒಂದು ಬೆಕ್ಕನ್ನೂ ಬರೆದಿದ್ದಾರೆ. ಕಿಟಕಿಯ ಬಣ್ಣದ ಗಾಜಿನ ವಿನ್ಯಾಸವೂ ಅವರದ್ದೇ.

ಕಾಕ್ಟೋ 1963ರಲ್ಲಿ ತೀರಿಕೊಂಡರು. ಸಮಾಧಿ ಇದೇ ಕೋಣೆಯ ನೆಲದಲ್ಲಿದೆ. ಕಲ್ಲಿನ ಮೇಲೆ ‘ನಾನು ನಿಮ್ಮ ಜೊತೆಯಲ್ಲೇ ಇರುತ್ತೇನೆ’ ಎಂಬ ಅರ್ಥದ ಒಂದು ಸಾಲು. ಚಪ್ಪಲಿ ಹಾಕಿಕೊಂಡು ಅದರ ಪಕ್ಕ ಓಡಾಡಲು ನನಗೆ ಸ್ವಲ್ಪ ಇರುಸುಮುರುಸಾಯಿತು. ಅಲ್ಲಿ ಯಾರಿಗೂ ಹಾಗೆ ಅನಿಸಿದಂತಿರಲಿಲ್ಲ.

ಒಂದು ಮಾರ್ಕು ಕಡಿದದ್ದಕ್ಕೆ ಕಾರಣ ಇದೆ. ಒಳಗೆ ಹಾಕುವ ವಿವರಣೆ ನಟ ಜಾಂ ಮರೆ ಅವರ ಧ್ವನಿಯಲ್ಲಿದೆ. ಕೇಳಲು ಚಂದ, ಆದರೆ ಫ್ರೆಂಚ್. ಮಗ ಪಿಸುಗುಟ್ಟಿ ಹೇಳಿದಷ್ಟೇ ನನಗೆ ಸಿಕ್ಕಿದ್ದು. ಹೋಗುವುದೂ ಸುಲಭ ಅಲ್ಲ. ಹತ್ತಿರದ ರೈಲು ನಿಲ್ದಾಣ ಮೈಸ್, ಅಲ್ಲಿಂದ ಇನ್ನೂ ಕೆಲವು ಕಿಲೋಮೀಟರ್. ಬರುತ್ತೇನೆ ಅಂದ ಟ್ಯಾಕ್ಸಿಯವನು ಬರಲೇ ಇಲ್ಲ. ಕಾರಿದ್ದರೆ ಒಳ್ಳೆಯದು. ವರ್ಷವಿಡೀ ದಿನಾ ತೆರೆದಿರುವುದಿಲ್ಲ, ಮೊದಲೇ ವಿಚಾರಿಸಿ.

ಹೊರಗೆ ಮದ್ದಿನ ಗಿಡಗಳ ತೋಟವಿದೆ. ಪೇಟೆಯಲ್ಲಿ 1479ರ ಮರದ ಸಂತೆಕಟ್ಟೆಯನ್ನೂ ನೋಡಿ. ಈ ಊರು ಪುದಿನಕ್ಕೆ ಹೆಸರುವಾಸಿ. ಸಿರಪ್ ಕೊಳ್ಳುವುದಾದರೆ ಸಣ್ಣ ಬಾಟಲಿ ಸಾಕು, ಸಕ್ಕರೆ ವಿಪರೀತ. ಒಣಗಿಸಿದ ಎಲೆ ಒಳ್ಳೆಯದಿದೆ, ಚಹಾಕ್ಕೆ ಆಗುತ್ತದೆ.