ಬೆಳಗಾವಿಯ ಮಳೆಗಾಲದಲ್ಲಿ ಕ್ಲೋರೋಅಲ್ಯುಮಿನೇಟ್ ದ್ರವ: ಒಂದು ವಿಮರ್ಶೆ

ಬೆಳಗಾವಿಯ ನಮ್ಮ ಸ್ನಾತಕೋತ್ತರ ಪ್ರಯೋಗಾಲಯಕ್ಕೆ ರಾಸಾಯನಿಕ ವಿತರಕರೊಬ್ಬರ ಮೂಲಕ ತರಿಸಿದ, ಇಮಿಡಜೋಲಿಯಂ ಕ್ಲೋರೈಡ್ ಮತ್ತು ಅಲ್ಯುಮಿನಿಯಂ ಕ್ಲೋರೈಡ್ ಬೆರೆತ ಕ್ಲೋರೋಅಲ್ಯುಮಿನೇಟ್ ಎಂಬ ಅಯಾನಿಕ ದ್ರವದ (ಕೋಣೆಯ ಉಷ್ಣತೆಯ ಆಸುಪಾಸಿನಲ್ಲೇ ದ್ರವವಾಗಿರುವ ಲವಣದ) ಬಗ್ಗೆ ಈ ಅಭಿಪ್ರಾಯ. ಸೀಸೆಯ ಚೀಟಿಯಲ್ಲಿ 1:2 ಮೋಲ್ ಪ್ರಮಾಣವೆಂದಿದೆ. ಕೊಳ್ಳುವವರು ಮೊದಲು ನೋಡಬೇಕಾದದ್ದು ಇದನ್ನೇ. ಎರಡೂ ಸಮವಾಗಿದ್ದರೆ ಟೆಟ್ರಾಕ್ಲೋರೋಅಲ್ಯುಮಿನೇಟ್ ಅಯಾನಷ್ಟೇ ಇದ್ದು ದ್ರವ ತಟಸ್ಥವಾಗಿರುತ್ತದೆ. ಅಲ್ಯುಮಿನಿಯಂ ಕ್ಲೋರೈಡ್ ಹೆಚ್ಚಾದಾಗ ಮಾತ್ರ ಹೆಪ್ಟಾಕ್ಲೋರೋಡೈಅಲ್ಯುಮಿನೇಟ್ ಉಂಟಾಗಿ, ಎಲೆಕ್ಟ್ರಾನ್ ಜೋಡಿಯನ್ನು ಸ್ವೀಕರಿಸುವ ಲೂಯಿಸ್ ಆಮ್ಲದ ಗುಣ ಬರುತ್ತದೆ.

ಅನಿಸೋಲ್‌ನ ಅಸಿಟೈಲೀಕರಣದಲ್ಲಿ (ಅದರ ಬೆಂಜೀನ್ ಉಂಗುರಕ್ಕೆ ಅಸಿಟೈಲ್ ಗುಂಪನ್ನು ಸೇರಿಸಿ ಕೀಟೋನ್ ಮಾಡುವ ಕ್ರಿಯೆಯಲ್ಲಿ) ದ್ರವ ನಿರಾಸೆಗೊಳಿಸಲಿಲ್ಲ. ದ್ರಾವಕವೂ ವೇಗವರ್ಧಕವೂ ತಾನೇ ಆಗಿ, ಕೋಣೆಯ ಉಷ್ಣತೆಯಲ್ಲೇ ಬಹುಪಾಲು ಪ್ಯಾರಾ (ಹೊಸ ಗುಂಪು ಉಂಗುರದ ಎದುರು ತುದಿಗೆ ಸೇರಿದ) ಉತ್ಪನ್ನವನ್ನು ಕೊಟ್ಟಿತು. ಆದರೆ ಚೀಟಿಯಲ್ಲಿ ದಪ್ಪಕ್ಷರದಲ್ಲಿರುವ ‘ಮರುಬಳಕೆಗೆ ಯೋಗ್ಯ’ ಎಂಬ ಮಾತನ್ನು ನಾನು ಒಪ್ಪಲಾರೆ. ಹುಟ್ಟಿದ ಕೀಟೋನಿನ ಆಮ್ಲಜನಕವು ಅಲ್ಯುಮಿನಿಯಂಗೆ ಬಿಗಿಯಾಗಿ ಅಂಟಿಕೊಳ್ಳುವುದರಿಂದ ಅದನ್ನು ಬಿಡಿಸಲು ಸಾಮಾನ್ಯವಾಗಿ ನೀರು ಹಾಕಬೇಕಾಗುತ್ತದೆ, ನೀರು ಬಿದ್ದೊಡನೆ ಹೈಡ್ರೋಜನ್ ಕ್ಲೋರೈಡಿನ ಹೊಗೆಯೆದ್ದು ದ್ರವವೇ ಹಾಳಾಗುತ್ತದೆ. ಉತ್ಪನ್ನ ಬರಿಯ ಹೈಡ್ರೋಕಾರ್ಬನ್ ಆಗಿದ್ದರೆ ಅದು ಮೇಲೆ ಪದರವಾಗಿ ನಿಲ್ಲುತ್ತದೆ, ಬಸಿದುಕೊಳ್ಳಬಹುದು. ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಷೆವ್ರಾನ್ ಸಂಸ್ಕರಣಾಗಾರವು ಪೆಟ್ರೋಲಿನ ಆಲ್ಕೈಲೀಕರಣದಲ್ಲಿ (ಚಿಕ್ಕ ಹೈಡ್ರೋಕಾರ್ಬನ್ ಅಣುಗಳನ್ನು ಜೋಡಿಸುವ ಕ್ರಿಯೆಯಲ್ಲಿ) ಅಪಾಯಕಾರಿ ಹೈಡ್ರೋಫ್ಲೋರಿಕ್ ಆಮ್ಲವನ್ನು ಕೈಬಿಟ್ಟು 2021ರಲ್ಲಿ ಇಂಥ ದ್ರವಕ್ಕೆ ಬದಲಾಯಿಸಲು ಸಾಧ್ಯವಾದದ್ದು ಹೀಗೆ. ಚೀಟಿ ಬರೆದವರು ಈ ಭೇದವನ್ನು ಹೇಳಬೇಕಿತ್ತು.

ಪ್ಯಾಕಿಂಗ್ ಇನ್ನೂ ಕಳಪೆ. ಆಷಾಢದ ಜಿಟಿಜಿಟಿ ಮಳೆಯಲ್ಲಿ ಗಾಳಿಯೇ ಒದ್ದೆಯಾಗಿರುವ ಊರಿಗೆ ಸಾಮಾನ್ಯ ತಿರುಪು ಮುಚ್ಚಳದ ಸೀಸೆ ಕಳಿಸಿದ್ದರು. ತೆರೆದಾಗಲೇ ಬಿಳಿ ಹೊಗೆ. ವಿಜಯಪುರದ ಒಣಹವೆಯಲ್ಲಿ ತುಸು ತಾಳಬಹುದೇನೋ, ಆದರೂ ಒಣ ಸಾರಜನಕದ ಪೆಟ್ಟಿಗೆಯಿಲ್ಲದೆ ಇದನ್ನು ಮುಟ್ಟಬಾರದು. (ಅಲ್ಯುಮಿನಿಯಂನ ಆಕ್ಸೈಡಾದ ಅಲ್ಯುಮಿನಾ ತಯಾರಾಗುವ ಊರಲ್ಲಿದ್ದುಕೊಂಡು ಇದಕ್ಕಾಗಿ ಮುಂಬೈ ಲಾರಿಯ ದಾರಿ ಕಾದದ್ದೂ ಒಂದು ವಿಚಿತ್ರವೇ.)

ಅಂಥ ಪೆಟ್ಟಿಗೆಯಿಲ್ಲದ ಕಾಲೇಜುಗಳಿಗೆ ಕೋಲೀನ್ ಕ್ಲೋರೈಡ್ ಮತ್ತು ಜಿಂಕ್ ಕ್ಲೋರೈಡುಗಳ 1:2 ಮಿಶ್ರಣವನ್ನು ಶಿಫಾರಸು ಮಾಡುತ್ತೇನೆ. ಕೋಳಿ ಆಹಾರಕ್ಕೂ ಸೇರಿಸುವ ಕೋಲೀನ್ ಕ್ಲೋರೈಡ್ ಅಗ್ಗ, ಎರಡನ್ನೂ ಬಿಸಿಮಾಡಿ ಕಲಕಿದರೆ ದ್ರವ ಸಿದ್ಧ, ತೇವಕ್ಕೂ ಅಷ್ಟಾಗಿ ಅಂಜುವುದಿಲ್ಲ. ಆಮ್ಲೀಯತೆ ಸೌಮ್ಯವಾದ್ದರಿಂದ ಅಲ್ಯುಮಿನಿಯಂ ದ್ರವದ ಎಲ್ಲ ಕೆಲಸಗಳನ್ನೂ ಇದರಿಂದ ನಿರೀಕ್ಷಿಸಲಾಗದು. ಆದರೆ ಅಣುವಿನಲ್ಲಿ ಉಂಗುರ ಕಟ್ಟುವ ಡೀಲ್ಸ್-ಆಲ್ಡರ್ ಕ್ರಿಯೆಗೂ ಫಿಷರ್ ಇಂಡೋಲ್ ತಯಾರಿಕೆಗೂ ಧಾರಾಳವಾಗಿ ಸಾಕು. ತರಿಸಿದ ಸೀಸೆಗೆ ಐದರಲ್ಲಿ ಮೂರು ಅಂಕ, ಅದೂ ದ್ರವದ ಗುಣಕ್ಕೆ. ವಿತರಕರು ಅದನ್ನು ಬೆಸೆದ ಗಾಜಿನ ಆಂಪೂಲುಗಳಲ್ಲಿ ಕೊಡುವವರೆಗೆ ಮತ್ತೆ ತರಿಸುವುದಿಲ್ಲ.